ಮುಯ್ಯಿ ಪುಸ್ತಕದಲ್ಲಿ ಯಾರ ಹೆಸರಿದೆ?

ಹುಣಸೂರು ಸೀಮೆಯ ಮದುವೆಗಳಲ್ಲಿ ಧಾರೆ ಮುಗಿದು ಜನ ಊಟದ ಕಡೆ ಹೊರಡುವ ಹೊತ್ತಿಗೆ ಮಂಟಪದ ಪಕ್ಕದಲ್ಲೊಂದು ಮೇಜು ಬೀಳುತ್ತದೆ. ಮೇಲೊಂದು ನೋಟ್‌ಬುಕ್ಕು, ಮೂಲೆಗೆ ಅರಿಶಿನ, ಮೊದಲ ಪುಟದ ತಲೆಗೆ ‘ಶ್ರೀ’. ದುಂಡಗೆ ಬರೆಯುವ ಹುಡುಗನೊಬ್ಬನನ್ನು ಹಿಡಿದು ಕೂರಿಸಿರುತ್ತಾರೆ. ಬಂದವರ ಹೆಸರು, ಊರು, ಕೊಟ್ಟ ಹಣ: ನೂರೊಂದು, ಇನ್ನೂರೊಂದು, ಐನೂರೊಂದು. ಕೆಲವು ಕಡೆ ಮೈಕಿನಲ್ಲಿ ಕೂಗುವುದೂ ಉಂಟು, ಅದಕ್ಕೇ ‘ಮುಯ್ಯಿ ಓದಿಸುವುದು’ ಎನ್ನುವುದು. ಆಮೇಲೆ ಪುಸ್ತಕ ಬೀರು ಸೇರುತ್ತದೆ. ಬರೆಸಿದವರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಹೊರಗೆ ತೆಗೆದು, ಬೆರಳಿಟ್ಟು ಹುಡುಕಿ, ಅವರು ಕೊಟ್ಟದ್ದಕ್ಕೆ ಒಂದಿಷ್ಟು ಸೇರಿಸಿ ಹೊರಡುತ್ತಾರೆ.

ಅದೇ ಮಾತು ಹೊಲಕ್ಕೆ ಇಳಿದರೆ ಮುಯ್ಯಾಳು. ಲಕ್ಷ್ಮಣತೀರ್ಥದ ದಡದ ಕಟ್ಟೆಮಳಲವಾಡಿಯಲ್ಲಿ, ಅದರ ಆಸುಪಾಸಿನ ಊರುಗಳಲ್ಲಿ ಆಷಾಢ ಬಂತೆಂದರೆ ಹೊಗೆಸೊಪ್ಪಿನ ಗಡಿಬಿಡಿ. ಮಾಗಿದ ಎಲೆ ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಎಲೆ ಹದ ಮಾಡುವ ಬ್ಯಾರನ್ ತುಂಬಿಸಿ ಬೆಂಕಿ ಹಾಕಬೇಕು. ಮುರಿದ ಎಲೆ ನಾಳೆಗೆ ಕಾಯುವುದಿಲ್ಲ. ಕೂಲಿಯಾಳು ಸಿಕ್ಕದ ದಿನ ಪಕ್ಕದ ಮನೆಯವರು ಬಂದು ಕಟ್ಟಲು ಕೂರುತ್ತಾರೆ. ಇವತ್ತು ಇವರ ಬ್ಯಾರನ್ ಮುಂದೆ, ನಾಡಿದ್ದು ಅವರ ಬ್ಯಾರನ್ ಮುಂದೆ. ಇನ್ನು ಜಗಳದಲ್ಲಿ ಈ ಮಾತು ಬಂದರೆ ಅರ್ಥವೇ ತಿರುಗುತ್ತದೆ. ಮುಯ್ಯಿ ತೀರಿಸಿಕೊಳ್ಳುವುದೆಂದರೆ ಸೇಡು. ಉಡುಗೊರೆ, ದುಡಿಮೆ, ಹಗೆ ಮೂರಕ್ಕೂ ಕನ್ನಡ ಒಂದೇ ಪದ ಇಟ್ಟಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಆಲ್ವಿನ್ ಗೌಲ್ಡ್ನರ್ 1960ರಲ್ಲಿ, ಪಡೆದದ್ದನ್ನು ಹಿಂದಿರುಗಿಸಬೇಕೆಂಬ ಕಟ್ಟಳೆ ಹೆಚ್ಚುಕಡಿಮೆ ಎಲ್ಲ ಸಮಾಜಗಳಲ್ಲೂ ಇದೆಯೆಂದು ಉದ್ದನೆಯ ಲೇಖನ ಬರೆದ. ಅವನು ಹೇಳಿದ್ದರ ತಿರುಳೆಲ್ಲ ಈ ಎರಡಕ್ಷರದಲ್ಲಿದೆ.

ಗುಂಪಿನ ನಡುವೆ ಮನುಷ್ಯ ಹೇಗೆ ಬದಲಾಗುತ್ತಾನೆ, ಬೇರೆಯವರನ್ನು ಏಕೆ ದೂರವಿಡುತ್ತಾನೆ, ಯಾರನ್ನು ಹಚ್ಚಿಕೊಳ್ಳುತ್ತಾನೆ, ಯಾರಿಗೆ ಕೈ ಚಾಚುತ್ತಾನೆ ಎಂದು ಕೇಳುವ ಸಾಮಾಜಿಕ ಮನಶ್ಶಾಸ್ತ್ರಕ್ಕೂ ಮೈಸೂರಿಗೂ ನಂಟು ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಕನ್ನಡಿಗರು ನೆನೆಯುವುದು ಬೇರೆ ಕಾರಣಕ್ಕೆ: 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿದವರು ಅವರೇ. ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರು ಸಾಮಾಜಿಕ ಮನಶ್ಶಾಸ್ತ್ರಕ್ಕೆ ಪಠ್ಯಪುಸ್ತಕ ಬರೆದರು. ಓದು, ಕಸುಬು, ವರಮಾನ ನೋಡಿ ಕುಟುಂಬದ ಅಂತಸ್ತು ಅಳೆಯುವ ಅವರ ಮಾಪಕವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಬಳಸುತ್ತಾರೆ.

ಆದರೆ ಮೈಸೂರಿನ ಹೆಸರು ಜಗತ್ತಿನ ಪಠ್ಯಗಳಿಗೆ ಹೋದದ್ದು ಹೊರಗಿನಿಂದ ಬಂದವರೊಬ್ಬರ ಕೆಲಸದಿಂದ. ಜೋನ್ ಮಿಲ್ಲರ್ ಎಂಬ ಅಮೆರಿಕನ್ ಮನೋವಿಜ್ಞಾನಿ ಶಿಕಾಗೋದವರಿಗೂ ಮೈಸೂರಿನ ಹಿಂದೂಗಳಿಗೂ ಒಂದೇ ಪ್ರಶ್ನೆ ಕೇಳಿದರು: ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ; ಯಾಕೆ ಹಾಗೆ ಮಾಡಿದರು? 1984ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಕೀಲನೊಬ್ಬನ ಪ್ರಸಂಗ ಬರುತ್ತದೆ. ಅವನ ಬೈಕಿನ ಹಿಂದೆ ಕೂತಿದ್ದವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ಗಾಯ ಎಷ್ಟು ಗಂಭೀರ ಎಂದೂ ವಿಚಾರಿಸದೆ ಕೋರ್ಟಿಗೆ ಹೋದ, ಗಾಯಾಳು ಉಳಿಯಲಿಲ್ಲ. ಅಮೆರಿಕನ್ನರು ‘ಬೇಜವಾಬ್ದಾರಿ ಮನುಷ್ಯ’ ಎನ್ನುವ ಕಡೆ ವಾಲಿದರೆ, ಮೈಸೂರಿನವರು ಕೋರ್ಟಿನ ಕರ್ತವ್ಯ, ಗಾಬರಿ, ಆ ಹೊತ್ತಿನ ಪರಿಸ್ಥಿತಿಯ ಮಾತಾಡಿದರು. ಎಂಟು ವರ್ಷದ ಮಕ್ಕಳಲ್ಲಿ ಎರಡು ದೇಶಗಳ ನಡುವೆ ಇಂಥ ಅಂತರ ಕಾಣಲಿಲ್ಲ. ಬೆಳೆಯುತ್ತ ಹೋದಂತೆ ಅಲ್ಲಿಯವರು ‘ಗುಣ’ಕ್ಕೂ ಇಲ್ಲಿಯವರು ‘ಸಂದರ್ಭ’ಕ್ಕೂ ಒಗ್ಗಿಕೊಂಡಿದ್ದರು.

ಅರಳಿಕಟ್ಟೆಯ ಹರಟೆ ಕೇಳಿದವರು ಇದನ್ನು ಸುಲಭಕ್ಕೆ ಒಪ್ಪಲಾರರು. ‘ಆ ಜನರ ಬುದ್ಧೀನೇ ಅಷ್ಟು’ ಎಂಬ ಮಾತು ಅಲ್ಲಿ ದಿನಕ್ಕೆ ಹತ್ತು ಸಲ ಬೀಳುತ್ತದೆ. ಇದನ್ನೂ ದಕ್ಷಿಣ ಭಾರತದಲ್ಲೇ ಪರೀಕ್ಷಿಸಿದ್ದಾರೆ. 1974ರಲ್ಲಿ ಟೇಲರ್ ಮತ್ತು ಜಗ್ಗಿ ಮೂವತ್ತು ಮಂದಿ ಹಿಂದೂ ಗುಮಾಸ್ತರಿಗೆ ಸಣ್ಣ ಸನ್ನಿವೇಶಗಳನ್ನು ಕೊಟ್ಟರು: ಅಂಗಡಿಯವನು ಮೋಸ ಮಾಡಿದ, ಮಳೆಗೆ ಸಿಕ್ಕಿದವನಿಗೆ ಮನೆಯವರು ಆಸರೆ ಕೊಟ್ಟರು, ಹೀಗೆ. ಮಾಡಿದವನು ಹಿಂದೂ ಎಂದಾಗ ಒಳ್ಳೆಯದಕ್ಕೆ ಅವನ ಗುಣ ಕಾರಣ, ಕೆಟ್ಟದ್ದಕ್ಕೆ ಸಂದರ್ಭ. ಮುಸ್ಲಿಂ ಎಂದಾಗ ಲೆಕ್ಕ ತಲೆಕೆಳಗು. ಅಂದರೆ ಸಂದರ್ಭ ಎಂಬ ರಿಯಾಯಿತಿ ನಮ್ಮಲ್ಲಿ ಧಾರಾಳವಾಗಿದೆ, ಆದರೆ ಮುಯ್ಯಿ ಪುಸ್ತಕದಲ್ಲಿ ಹೆಸರಿರುವವರಿಗೆ. ಹೊರಗಿನವರ ಪಾಲಿಗೆ ಗುಣ ಮಾತ್ರ. ಈ ಶಾಸ್ತ್ರದ ನೂರಿಪ್ಪತ್ತು ವರ್ಷಗಳ ಕೆಲಸವನ್ನು ಈ ಗೆರೆ ಹಿಡಿದೇ ನೋಡಬಹುದು.

ಮೊದಲು ಗುಂಪು. ಕೊಪ್ಪರಿಗೆ ತುಂಬಲು ಮನೆಗೊಂದು ಚೊಂಬು ಹಾಲು ತನ್ನಿ ಎಂದು ರಾಜ ಡಂಗುರ ಹೊಡೆಸಿದಾಗ ಪ್ರತಿಯೊಬ್ಬನೂ ಕತ್ತಲಲ್ಲಿ ನೀರು ಸುರಿದ ಕಥೆ ಎಲ್ಲರಿಗೂ ಗೊತ್ತು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ಹಗ್ಗ ಎಳೆಸಿ ಅಳೆದ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬನ ಪಾಲಿನ ಬಲ, ಒಂಟಿಯಾಗಿ ಎಳೆದಾಗ ಇದ್ದದ್ದರ ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ, ಕೂಗು ಹಾಕಿಸಿ ನೋಡಿದರು. ಅಲ್ಲೂ ಅದೇ ಕಥೆ. ಯಾರ ಪಾಲು ಎಷ್ಟೆಂದು ಗೊತ್ತಾಗುವಂತೆ ಮಾಡಿದರೆ ಈ ಸೋಮಾರಿತನ ಹೆಚ್ಚುಕಡಿಮೆ ಮಾಯ. ಮುಯ್ಯಾಳಿನಲ್ಲಿ ಯಾರೂ ಕೈ ಕದಿಯದಿರಲು ಕಾರಣವೂ ಅದೇ. ಯಾರು ಎಷ್ಟು ಕಡ್ಡಿ ಕಟ್ಟಿದರೆಂಬುದು ಎದುರಿಗೆ ಕೂತವರಿಗೆಲ್ಲ ಕಾಣುತ್ತದೆ.

ಅದೇ ಜನ ಮಾರುಕಟ್ಟೆಗೆ ಬಂದಾಗ ಚಿತ್ರ ಬೇರೆ. ಕಟ್ಟೆಮಳಲವಾಡಿಯಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ರಾಜ್ಯದಲ್ಲಿ ಇಷ್ಟೇ ಬೆಳೆಯಬೇಕೆಂದು ಮಂಡಳಿ ಪ್ರತಿ ವರ್ಷ ಮಿತಿ ಹಾಕುತ್ತದೆ, ಲೈಸೆನ್ಸ್ ಇದ್ದವರಿಗೆ ಕೋಟಾ ಹಂಚುತ್ತದೆ. ಎಲ್ಲರೂ ಮಿತಿಯಲ್ಲಿದ್ದರೆ ಬೆಲೆ ನಿಲ್ಲುತ್ತದೆ. ಆದರೆ ಪಕ್ಕದ ಹೊಲದಲ್ಲಿ ಇನ್ನೂ ಅರ್ಧ ಎಕರೆಗೆ ಸಸಿ ಬಿದ್ದದ್ದು ಕಂಡ ಮೇಲೆ ತಾನೊಬ್ಬ ಸುಮ್ಮನಿದ್ದು ಸಾಧಿಸುವುದೇನು? ಹೀಗೆ ಒಬ್ಬೊಬ್ಬರೂ ಲೆಕ್ಕ ಹಾಕಿದ್ದರ ಒಟ್ಟು ಮೊತ್ತ ಹೆಚ್ಚುವರಿ ಸೊಪ್ಪು. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಇದನ್ನು ಗೋಮಾಳದ ದುರಂತವಾಗಿ ಬಣ್ಣಿಸಿದ. ಒಬ್ಬರ ಮೇಲೊಬ್ಬರು ಕಣ್ಣಿಡುವ, ತಾವೇ ಕಟ್ಟಳೆ ಮಾಡಿಕೊಳ್ಳುವ ಸಣ್ಣ ಸಮುದಾಯಗಳು ಈ ದುರಂತ ತಪ್ಪಿಸಿಕೊಂಡಿವೆ ಎಂದು ತೋರಿಸಿದ ಎಲಿನೋರ್ ಆಸ್ಟ್ರಮ್ 2009ರಲ್ಲಿ ನೊಬೆಲ್ ಪಡೆದರು. ರೈತ ತಂಬಾಕು ಬಿಡದಿರುವುದನ್ನೆಲ್ಲ ಮನಶ್ಶಾಸ್ತ್ರದ ತಲೆಗೆ ಕಟ್ಟುವುದೂ ತಪ್ಪು. ಬ್ಯಾರನ್ನಿಗೆ ಸುರಿದ ಸಾಲ ತೀರಬೇಕು, ಹರಾಜಿನಲ್ಲಿ ಮಾರುವ ಖಾತ್ರಿ ಇರುವ ಇನ್ನೊಂದು ಬೆಳೆ ಬೇಕು. ಅವು ಇಲ್ಲದ ಕಡೆ ‘ಮನಸ್ಸು ಬದಲಿಸಿಕೊಳ್ಳಿ’ ಎಂಬ ಉಪದೇಶಕ್ಕೆ ಬೆಲೆಯಿಲ್ಲ.

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತದೆ ಗಾದೆ. ಆ ಎಡವಟ್ಟನ ಸಂಕಟವನ್ನು 1950ರ ದಶಕದಲ್ಲಿ ಸಾಲೊಮನ್ ಆಶ್ ಪ್ರಯೋಗಶಾಲೆಗೆ ತಂದ. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟು ಉದ್ದವಿದೆ? ಮಗುವೂ ಹೇಳಬಹುದಾದ ಉತ್ತರ. ಮೊದಲೇ ಹೇಳಿಕೊಟ್ಟಿದ್ದ ಆರೇಳು ಜನ ಒಬ್ಬರಾದ ಮೇಲೊಬ್ಬರು ತಪ್ಪು ಹೇಳಿದಾಗ, ಕೊನೆಗೆ ಕೂತಿದ್ದ ಅಮಾಯಕನೂ ಮೂರರಲ್ಲೊಂದು ಸಲಕ್ಕಿಂತ ಹೆಚ್ಚಾಗಿ ಅದೇ ತಪ್ಪು ಹೇಳಿದ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಮನುಷ್ಯ ಕುರಿಮಂದೆ ಎಂದುಬಿಡುತ್ತವೆ. ಆದರೆ ಉಳಿದ ಉತ್ತರಗಳು ಸರಿಯಾಗಿದ್ದವು, ಕಾಲುಭಾಗದಷ್ಟು ಜನ ಒಮ್ಮೆಯೂ ಬಗ್ಗಲಿಲ್ಲ. ಸರಿ ಉತ್ತರ ಹೇಳುವ ಇನ್ನೊಬ್ಬ ಜೊತೆಗಿದ್ದರೆ ತಪ್ಪು ಶೇ. 5ರ ಆಸುಪಾಸಿಗೆ ಇಳಿಯಿತು. ಹೇಳಿದವರ ಮಾತಿಗೆ ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇನೆಂದು ನಂಬಿಸುವ ಮಿಲ್‌ಗ್ರಾಮನ ಪ್ರಯೋಗದಲ್ಲೂ ಹಾಗೆಯೇ: ಒಬ್ಬೊಬ್ಬರನ್ನೇ ಕೂರಿಸಿದಾಗ 40 ಜನರಲ್ಲಿ 26 ಮಂದಿ 450 ವೋಲ್ಟಿನವರೆಗೆ ಗುಂಡಿ ಒತ್ತಿದರು. ಪಕ್ಕದ ಇಬ್ಬರು ‘ನಾವು ಒಲ್ಲೆವು’ ಎಂದು ಎದ್ದಾಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ಕೇ ಜನ. ಪಂಚಾಯ್ತಿ ಕಟ್ಟೆಯಲ್ಲಿ ಎಲ್ಲರೂ ತಲೆಯಾಡಿಸುವಾಗ ಒಬ್ಬ ಮುದುಕಿ ‘ಅದೆಂಗಾದಾತು?’ ಎಂದರೆ ಹಿಂದೆ ನಿಂತ ನಾಲ್ವರಿಗೆ ಬಾಯಿ ಬರುತ್ತದಲ್ಲ, ಅದೇ ಇದು.

ಗುಂಪಿನ ಭಯಕ್ಕೆ ವಿವರಣೆ ಸಿಕ್ಕಿದ್ದು ಬಿಹಾರದಿಂದ. 1934ರ ಜನವರಿ 15ರ ಭೂಕಂಪದ ನಂತರ ಹಬ್ಬಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಸಂಗ್ರಹಿಸಿದರು. ನೆಲ ನಡುಗಿದರೂ ಹಾನಿಯೇನೂ ಆಗದ ಊರುಗಳಲ್ಲಿ, ಇನ್ನೂ ದೊಡ್ಡ ಪ್ರಳಯ ಕಾದಿದೆ ಎಂಬ ಸುದ್ದಿ ಹರಡಿತ್ತು. ಇದನ್ನೋದಿದ ಲಿಯಾನ್ ಫೆಸ್ಟಿಂಜರ್‌ಗೆ ಒಂದು ಒಗಟು ಕಾಡಿತು: ಹೆದರಿದ ಜನ ಸಮಾಧಾನದ ಸುದ್ದಿ ಬಿಟ್ಟು ಭಯದ ಸುದ್ದಿಯನ್ನೇ ಏಕೆ ನಂಬುತ್ತಾರೆ? ಭಯ ಆಗಲೇ ಹೊಟ್ಟೆಯೊಳಗಿದೆ, ಸುದ್ದಿ ಬರುವುದು ಅದಕ್ಕೊಂದು ಕಾರಣ ಒದಗಿಸಲು ಎಂದ ಅವನು. 1957ರಲ್ಲಿ ಅವನು ಮಂಡಿಸಿದ, ಮನಸ್ಸಿನೊಳಗಿನ ತಾಳೆಯಿಲ್ಲದ ಮಾತುಗಳನ್ನು ಮನುಷ್ಯ ಹೇಗಾದರೂ ಹೊಂದಿಸಿಕೊಳ್ಳುತ್ತಾನೆಂಬ ಸಿದ್ಧಾಂತಕ್ಕೆ ಪ್ರಸಾದರ ಆ ಸಂಗ್ರಹವೂ ಬೀಜ.

2012ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದ್ದು ಎಸ್ಸೆಮ್ಮೆಸ್ಸುಗಳ ಹಿಂದೆ ಬಂದ, ತಮ್ಮ ಮೇಲೆ ಹಲ್ಲೆಯಾಗುತ್ತದೆಂಬ ಇಂಥದೇ ಭಯದಲ್ಲಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆಯಿತು; ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಎರಡೂ ಸಲ ಬಂದ ಮದ್ದು ಒಂದೇ: ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ತಡೆ, ಮೊದಲ ಸಲ ಸರ್ಕಾರದಿಂದ, ಎರಡನೇ ಸಲ ವಾಟ್ಸ್ಆ್ಯಪ್‌ನಿಂದಲೇ. ವೇಗವೇನೋ ತಗ್ಗಿತು. ಅಪರಿಚಿತ ಕಾರು ಊರೊಳಗೆ ಬಂದರೆ ‘ಯಾರಿರಬಹುದು’ ಎಂಬ ಪ್ರಶ್ನೆಗಿಂತ ಮೊದಲು ‘ಎಂಥವರಿರಬಹುದು’ ಎಂಬ ಉತ್ತರ ಸಿದ್ಧವಾಗಿರುವುದಕ್ಕೆ ಮೊಬೈಲಿನಲ್ಲಿ ಮದ್ದಿಲ್ಲ.

ಆ ಸಿದ್ಧ ಉತ್ತರವೇ ಪೂರ್ವಗ್ರಹ. ಅದು ಹುಟ್ಟಲು ಹಳೆಯ ಹಗೆಯೂ ಬೇಕಿಲ್ಲವೆಂದು ಹೆನ್ರಿ ತಾಜ್ಫೆಲ್ 1970ರಲ್ಲಿ ತೋರಿಸಿದ. ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ, ನೀನು ಕ್ಲೀ ಎಂಬ ಚಿತ್ರಕಾರನನ್ನು ಮೆಚ್ಚಿದವರ ಗುಂಪು, ನೀನು ಕಾಂಡಿನ್‌ಸ್ಕಿಯ ಗುಂಪು ಎಂದು ಹೇಳಿದ್ದಷ್ಟೇ. ತಮಗೇನೂ ಲಾಭವಿಲ್ಲದಿದ್ದರೂ ಹುಡುಗರು ತಮ್ಮ ಗುಂಪಿನವನಿಗೆ ಹೆಚ್ಚು ಕಾಸು ಹಂಚಿದರು. ಕ್ಷಣದಲ್ಲಿ ಕಟ್ಟಿದ ಗುಂಪಿಗೇ ಹೀಗಾದರೆ, ಹುಟ್ಟುವ ಮೊದಲೇ ಕೇರಿ ಗೊತ್ತಾಗಿರುವ ಕಡೆ ಏನಾಗಬೇಡ? ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ 642 ಹುಡುಗರಿಗೆ ದಾರಿ ಹುಡುಕುವ ಚಿತ್ರಬಂಧ ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ಎರಡೂ ಕಡೆಯವರು ಸಮಸಮ. ಹೆಸರಿನ ಜೊತೆ ಜಾತಿಯನ್ನೂ ಕೂಗಿದಾಗ ಕೆಳಜಾತಿಯೆನಿಸಿಕೊಂಡ ಹುಡುಗರು ಬಿಡಿಸಿದ್ದು ಸುಮಾರು ಐದನೇ ಒಂದು ಭಾಗ ಕುಸಿಯಿತು. ಸ್ಕಾಲರ್‌ಷಿಪ್ ಅರ್ಜಿಗೆಂದು ತರಗತಿಯಲ್ಲಿ ‘ಎಸ್ಸಿ, ಎಸ್ಟಿ ಮಕ್ಕಳೆಲ್ಲ ಎದ್ದು ನಿಲ್ರೋ’ ಎಂದದ್ದು, ಮಿಕ್ಕವರು ತಿರುಗಿ ನೋಡಿದ್ದು ನಮ್ಮ ಎಷ್ಟೋ ಜನರಿಗೆ ನೆನಪಿದೆ. ಸೌಲಭ್ಯ ಕೊಡಲೆಂದೇ ಮೇಷ್ಟ್ರು ಕೂಗಿದ್ದು. ಆ ಪಿರಿಯಡ್ಡಿನಲ್ಲಿ ಲೆಕ್ಕ ತಪ್ಪಿದವರನ್ನು ಯಾರೂ ಎಣಿಸಲಿಲ್ಲ.

ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಹಾಡಿಗಳ ಜೇನುಕುರುಬರ ವಿಷಯದಲ್ಲಿ ಈ ಮಾತು ಇನ್ನೂ ಹರಿತ. ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟೆಂದು ಗುರುತಿಸಿದ ಕರ್ನಾಟಕದ ಎರಡು ಸಮುದಾಯಗಳಲ್ಲಿ ಅವರದೊಂದು, ಕೊರಗರದು ಇನ್ನೊಂದು. ಕಬಿನಿ ಜಲಾಶಯಕ್ಕೂ ನಾಗರಹೊಳೆಯ ಹುಲಿಗಳಿಗೂ ಜಾಗ ಬಿಟ್ಟು ಹೊರಬಂದ ಕುಟುಂಬಗಳ ಮಕ್ಕಳು ಶಾಲೆ ತಪ್ಪಿಸಿದರೆ, ‘ಅವಕ್ಕೆ ಓದು ಹತ್ತಲ್ಲ, ಕಾಡಿನ ಜಾತಿ’ ಎಂದು ಷರಾ ಬೀಳುತ್ತದೆ. ಜೇನಿನ ಕಾಲಕ್ಕೆ, ಕೊಡಗಿನ ಕಾಫಿ ತೋಟದ ಕೂಲಿಗೆ ಅಪ್ಪಅಮ್ಮ ಹೊರಟಾಗ ಮಕ್ಕಳೂ ಹೊರಡುತ್ತವೆಂಬುದು ಸಂದರ್ಭ. ಆ ರಿಯಾಯಿತಿ ಅವರಿಗೆ ಸಿಕ್ಕುವುದಿಲ್ಲ. ಒಕ್ಕಲಿಗರ ಹುಡುಗ ಹೊಗೆಸೊಪ್ಪಿನ ಕೆಲಸಕ್ಕೆ ಶಾಲೆ ತಪ್ಪಿಸಿದರೆ ‘ಪಾಪ, ಮನೇಲಿ ಆಳಿಲ್ಲ’ ಎಂದು ಅದೇ ಬಾಯಿ ಹೇಳುತ್ತದೆ.

ಮದ್ದೇನು? ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದದ್ದು: ಬೆರೆತರೆ ಪೂರ್ವಗ್ರಹ ಕರಗುತ್ತದೆ, ಆದರೆ ನಾಲ್ಕು ಷರತ್ತು. ಬೆರೆಯುವಾಗ ಸಮಾನ ಸ್ಥಾನ, ಇಬ್ಬರಿಗೂ ಬೇಕಾದ ಗುರಿ, ಪೈಪೋಟಿಯ ಬದಲು ಸಹಕಾರ, ಮೇಲಿನವರ ಬೆಂಬಲ. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿ, ಮಾತು ಬಹುಮಟ್ಟಿಗೆ ನಿಜವೆಂದರು. ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಸಾವಿರದಿನ್ನೂರಕ್ಕೂ ಹೆಚ್ಚು ಯುವಕರನ್ನು ತೊಡಗಿಸಿ ನಡೆಸಿದ ಕ್ರಿಕೆಟ್ ಲೀಗ್ ಷರತ್ತುಗಳ ಬೆಲೆ ತೋರಿಸಿತು. ಒಂದೇ ತಂಡದಲ್ಲಿ ಆಡಿದ ಬೇರೆಬೇರೆ ಜಾತಿಯವರಲ್ಲಿ ಸ್ನೇಹ ಬೆಳೆಯಿತು. ಎದುರು ತಂಡದಲ್ಲಿ ನಿಂತವರಲ್ಲಿ ಇದ್ದ ಅಂತರವೂ ಹೆಚ್ಚಿತು. ಊರ ಹಬ್ಬಕ್ಕೆ ಕೇರಿಗೊಂದು ತಂಡ ಕಟ್ಟಿ ಟೂರ್ನಮೆಂಟ್ ಮಾಡಿಸುವ ಉತ್ಸಾಹಿಗಳು ಇದನ್ನೊಮ್ಮೆ ಓದಬೇಕು.

ಈ ಸೀಮೆಗೇ ಆಲ್‌ಪೋರ್ಟ್‌ನ ಪರೀಕ್ಷೆಯೊಂದು ತಾನಾಗಿ ಒದಗಿದೆ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, 1972ರ ಹೊತ್ತಿಗೆ ಹುಣಸೂರಿನ ಗುರುಪುರದಲ್ಲಿ ಟಿಬೆಟನ್ನರು ನೆಲೆಸಿದರು. ಭಾಷೆ, ಮುಖ, ಊಟ, ದೇವರು ಎಲ್ಲ ಬೇರೆ. ಅರವತ್ತು ವರ್ಷಗಳಲ್ಲಿ ಮುಸುಕಿನ ಜೋಳದ ಹೊಲ, ಕೂಲಿ, ಅಂಗಡಿ, ಟ್ಯಾಕ್ಸಿಗಳ ಮೂಲಕ ಬೆಸೆದುಕೊಂಡ ನಂಟು ಸಣ್ಣದಲ್ಲ. ಇಲ್ಲಿ ನಿರಾಶ್ರಿತನೇ ಧಣಿ, ಊರವನು ಕೂಲಿ. ಇದು ಯಾವ ಪಠ್ಯಪುಸ್ತಕದ ಮಾದರಿಗೂ ಒಗ್ಗದ ಸಂಬಂಧ. ವ್ಯವಹಾರದಲ್ಲಿ ಗೌರವವಿದೆ. ಆದರೆ ಶಾಲೆ ಬೇರೆ, ಸೊಸೈಟಿ ಬೇರೆ, ಮುಯ್ಯಿ ಪುಸ್ತಕವೂ ಬೇರೆ. ಆಲ್‌ಪೋರ್ಟ್ ಹೇಳಿದ ಸಮಾನ ಸ್ಥಾನ ನಗುಮುಖದಿಂದ ಬರುವಂಥದಲ್ಲ ಎಂದು ಚೆನ್ನಾಗಿ ತಿಳಿದಿದ್ದವರು ಹುಣಸೂರು ತಾಲ್ಲೂಕಿನದೇ ಕಲ್ಲಹಳ್ಳಿಯ, ಮುಖ್ಯಮಂತ್ರಿಯಾಗಿದ್ದ ಡಿ. ದೇವರಾಜ ಅರಸು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರನ ಹೆಸರನ್ನು ಪಹಣಿಗೆ ತಂದಿತು. ಧಣಿಯ ಎದುರು ಅವನು ಕೂರುವ ರೀತಿ ಬದಲಾದದ್ದು ಆಮೇಲೆ.

ಸಂಬಂಧಗಳ ವಿಷಯದಲ್ಲಿ ಈ ಶಾಸ್ತ್ರ ಹೇಳಿದ್ದು ಕಡಿಮೆ ಅಚ್ಚರಿಯದು. 1950ರಲ್ಲಿ ಫೆಸ್ಟಿಂಜರ್ ಮತ್ತು ಗೆಳೆಯರು ವಿದ್ಯಾರ್ಥಿ ವಸತಿಯೊಂದನ್ನು ಪರಿಶೀಲಿಸಿ, ಸ್ನೇಹ ಕೂಡುವುದು ಪಕ್ಕದ ಬಾಗಿಲಿನವರ ಜೊತೆ ಎಂದರು. ವಠಾರದಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಜೈಪುರದ 50 ಜೋಡಿಗಳನ್ನು ಕೇಳಿದಾಗ, ಪ್ರೇಮವಿವಾಹದವರ ಪ್ರೀತಿಯ ಅಂಕ ವರ್ಷ ಕಳೆದಂತೆ ಇಳಿದಿತ್ತು, ಹಿರಿಯರು ಕೂಡಿಸಿದವರದು ಏರಿತ್ತು. ಬೀಗರ ಮನೆಗಳಲ್ಲಿ ಈ ಸುದ್ದಿಗೆ ಸಿಕ್ಕ ಸಂತೋಷ ಅಳತೆ ಮೀರಿದ್ದು. ಐವತ್ತು ಜೋಡಿ ಬಹಳ ಸಣ್ಣ ಲೆಕ್ಕ, ಅಮೆರಿಕದಲ್ಲಿರುವ ಭಾರತೀಯರ ಮೇಲಿನ ನಂತರದ ಅಧ್ಯಯನದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಒಟ್ಟಾರೆ ಈ ಶಾಸ್ತ್ರದ ಹೆಸರಾಂತ ಫಲಿತಾಂಶಗಳೂ ಮರುಪರೀಕ್ಷೆಗೆ ನಿಲ್ಲದೆ ಮುಗ್ಗರಿಸಿವೆ. 2015ರಲ್ಲಿ ನೂರು ಮನಶ್ಶಾಸ್ತ್ರ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಗೆದ್ದದ್ದು ಮೂರರಲ್ಲೊಂದಕ್ಕಿಂತ ತುಸು ಹೆಚ್ಚು.

ಮಿಲ್ಲರ್ ಅವರ ಮುಂದಿನ ಕೆಲಸ ನಮಗೆ ಹೆಚ್ಚು ಹತ್ತಿರದ್ದು. 1990ರ ಅಧ್ಯಯನದಲ್ಲಿ ಸಹಾಯದ ಬಗ್ಗೆ ಕೇಳಿದಾಗ, ಸಣ್ಣಪುಟ್ಟ ಕಷ್ಟಕ್ಕೆ ಒದಗುವುದೂ ಕರ್ತವ್ಯವೆಂದು ಮೈಸೂರಿನವರು ಹೇಳಿದರು. ಅಮೆರಿಕನ್ನರು ಅದು ಅವರವರ ಇಷ್ಟ ಎಂದರು. ಇಷ್ಟವಿಲ್ಲದ ನೆಂಟನಿಗೂ ಮಾಡಲೇಬೇಕೆಂಬುದು ಇಲ್ಲಿಯ ನಿಲುವು. ಋಣಕ್ಕೆಂದು ಮಾಡಿದ ಸಹಾಯದಲ್ಲಿ ಪ್ರೀತಿ ಕಡಿಮೆ ಎಂದು ಅಮೆರಿಕನ್ನರು ಅಳೆದರೆ, ಭಾರತೀಯರು ಹಾಗೆ ಕಳೆಯಲಿಲ್ಲ. ಮುಯ್ಯಾಳಿಗೆ ಬಂದವಳು ನಗುನಗುತ್ತಲೇ ಸೊಪ್ಪು ಕಟ್ಟುತ್ತಾಳೆ, ಲೆಕ್ಕವನ್ನೂ ಮರೆಯುವುದಿಲ್ಲ. ಎರಡಕ್ಕೂ ಜಗಳವಿಲ್ಲ.

ಹಾಗಿದ್ದರೆ ರಸ್ತೆಯಲ್ಲಿ ಬಿದ್ದವನಿಗೆ? 2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಹುಡುಗ ರಕ್ತದ ನಡುವೆ ಸಹಾಯ ಕೇಳುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ಹಿಡಿದರು. ‘ಕಲ್ಲು ಹೃದಯದವರು’ ಎಂದು ನಾಡೆಲ್ಲ ಬೈಯಿತು. ಮತ್ತೆ ಗುಣದ ಮಾತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಯುವತಿಯೊಬ್ಬಳ ಕೊಲೆಯಾದಾಗ 38 ಜನ ನೋಡುತ್ತ ನಿಂತರೆಂಬ ಪತ್ರಿಕಾ ವರದಿ ಬಂತು. ಅದು ಬಹಳ ಉತ್ಪ್ರೇಕ್ಷೆಯೆಂದು ಆಮೇಲೆ ತಿಳಿಯಿತಾದರೂ, ಡಾರ್ಲಿ ಮತ್ತು ಲಟಾನೆಯವರ 1968ರ ಪ್ರಯೋಗ ಹುಟ್ಟಿದ್ದು ಅದರಿಂದ. ಪಕ್ಕದ ಕೋಣೆಯಿಂದ ಮೂರ್ಛೆಯ ದನಿ ಕೇಳಿದಾಗ, ತಾನೊಬ್ಬನೇ ಕೇಳಿಸಿಕೊಂಡೆ ಎಂದುಕೊಂಡವರಲ್ಲಿ ಶೇ. 85 ಮಂದಿ ತಡಮಾಡದೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದ್ದವರಲ್ಲಿ ಎದ್ದವರು ಶೇ. 31. ಏಳದವರು ನಿರ್ದಯಿಗಳಾಗಿರಲಿಲ್ಲ, ಕೈ ನಡುಗುತ್ತ ಕೂತಿದ್ದರು. 1973ರ ಇನ್ನೊಂದು ಪ್ರಯೋಗದಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರೇ, ‘ಹೊತ್ತಾಯಿತು, ಬೇಗ ಹೋಗಿ’ ಎಂದು ಅಟ್ಟಿದಾಗ ದಾರಿಯಲ್ಲಿ ನರಳುತ್ತಿದ್ದವನ ಬಳಿ ನಿಂತದ್ದು ನೂರಕ್ಕೆ ಹತ್ತು ಮಂದಿ.

ನಮ್ಮಲ್ಲಿ ಇದರ ಮೇಲೆ ಪೊಲೀಸು, ಕೋರ್ಟಿನ ಅಂಜಿಕೆ. ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ಕೇಳಿದಾಗ ಶೇ. 74 ಜನ ಅಪಘಾತದ ಗಾಯಾಳುವನ್ನು ಮುಟ್ಟುವುದು ಅನುಮಾನ ಎಂದಿದ್ದರು. ಹಾಗಾಗಿ ಮನಸ್ಸು ತಿದ್ದುವ ಬದಲು ಸಂದರ್ಭ ತಿದ್ದುವ ಕೆಲಸ ಶುರುವಾಯಿತು. 2016ರಲ್ಲಿ ಬಂದ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕಟ್ಟುವಂತೆ ಮಾಡಿತು; ಕರೆತಂದವನ ಜೇಬಿಗೆ ಕೈ ಬೀಳುವ ಭಯ ಹೋಯಿತು. ಕರ್ನಾಟಕದ ವಿಧಾನಮಂಡಲ ಅದೇ ವರ್ಷ ಒಪ್ಪಿದ ಪರೋಪಕಾರಿಗಳ ರಕ್ಷಣಾ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿ ಇಡೀ ದೇಶಕ್ಕೆ ಅನ್ವಯವಾಯಿತು.

ಇದರ ಪ್ರಕಾರ ಗಾಯಾಳುವನ್ನು ಹೊತ್ತು ತಂದವನು ತನ್ನ ಹೆಸರು, ವಿಳಾಸ, ಫೋನ್ ನಂಬರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮುಯ್ಯಿಯ ಕಥೆ ಬೇರೆ. ಈಗ ಮದುವೆ ಮಂಟಪದ ಮೇಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿಟ್ಟಿರುತ್ತಾರೆ. ದುಡ್ಡು ಕಳಿಸಿದವರ ಹೆಸರು ಮೊಬೈಲಿನಲ್ಲೇ ಬಂದಿರುತ್ತದೆ. ಆದರೂ ಹಿರಿಯರು ಹುಡುಗನ ಪಕ್ಕ ಬಗ್ಗಿ, ‘ಬರ್ಕೊಂಡಾ ಮಗಾ? ಊರ್ ಹೆಸರೂ ಸೇರಿಸು’ ಎಂದು ಹೇಳಿ, ಬರೆದದ್ದನ್ನು ಕಣ್ಣಾರೆ ನೋಡಿಯೇ ಊಟಕ್ಕೆ ಹೋಗುತ್ತಾರೆ.